ದೆಜೆನೆ ಮೇಷ್ಟರ ವ್ರತ

ಬುಧವಾರ, ಶುಕ್ರವಾರ ನಮ್ಮ ದೆಬ್ರೆ ಬಿರ್ಹಾನ್ ಊರಿನ ಕ್ರೈಸ್ತರಿಗೆಲ್ಲ ವ್ರತ. ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಯಾರೂ ಮುಟ್ಟುವುದಿಲ್ಲ. ಜೀವಶಾಸ್ತ್ರದ ದೆಜೆನೆ ಮೇಷ್ಟರು ಮಾತ್ರ ಅದೇ ದಿನಗಳನ್ನು ಆರಿಸಿಕೊಂಡು, ಶಿಕ್ಷಕರ ಕೊಠಡಿಯಲ್ಲಿ ಎಲ್ಲರೆದುರು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದರು. ಇವರೊಮ್ಮೆ ವ್ರತ ಹಿಡಿಯಲೆಂದು ಹೆಂಡತಿ ವೊರ್ಕ್ನೆಷ್ ವರ್ಷವರ್ಷವೂ ಮೇರಿ ಮಾತೆಗೆ ಹರಕೆ ಹೊರುತ್ತಿದ್ದಳು.

ಆ ಸಲ ಈಸ್ಟರಿಗೆ ಮುಂಚಿನ ದೊಡ್ಡ ವ್ರತ ಶುರುವಾಗುವ ಹೊತ್ತಿಗೇ ಮೇಷ್ಟರ ಕೊಲೆಸ್ಟರಾಲ್ ಮಿತಿಮೀರಿದ್ದು ಗೊತ್ತಾಯಿತು. ಡಾಕ್ಟರು ಅವರ ಹಳೆಯ ವಿದ್ಯಾರ್ಥಿನಿ.

"ಬೆಣ್ಣೆ, ಕೊಬ್ಬಿನ ಮಾಂಸ ಬಿಡಿ ಮೇಷ್ಟ್ರೆ. ಬೇಳೆ, ಕಾಳು, ಸೊಪ್ಪು, ಜವೆಗೋಧಿ ತಿನ್ನಿ."

"ಅದು ವ್ರತದೂಟ ಅಲ್ವೇನಮ್ಮ?"

"ಹೌದು. ಈಗ ಊರ ತುಂಬ ಅದೇ ಸಿಗುತ್ತೆ. ನಿಮ್ಮ ಅದೃಷ್ಟ."

ಜವೆಯ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೊಯ್ಯುತ್ತದೆ. ಹೊಸ ಪಿತ್ತ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನೇ ಎಳೆದುಕೊಳ್ಳುತ್ತದೆ. ಇದನ್ನು ಹಲಗೆಯ ಮೇಲೆ ಚಿತ್ರ ಬಿಡಿಸಿ ವಿವರಿಸಬಲ್ಲ ಮೇಷ್ಟರಿಗೆ ಮನೆಯಲ್ಲಿ ಬಾಯೇ ಬರಲಿಲ್ಲ. ವ್ರತದ ಮೊದಲ ಸೋಮವಾರ ಅವರು ಸುಮ್ಮನೆ ಬೇಳೆಸಾರು ಬಡಿಸಿಕೊಂಡರು.

"ಮೊಟ್ಟೆ ಬೇಯಿಸ್ಲಾ?" ಎಂದಳು ವೊರ್ಕ್ನೆಷ್.

"ಬೇಡ. ಇದೇ ಸಾಕು."

ಅವಳು ಹೊದ್ದ ಬಿಳಿ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ನಿಜ ಹೇಳಲು ಅದೇ ಸರಿಯಾದ ಗಳಿಗೆಯಾಗಿತ್ತು. ಮರುದಿನ ಅವಳು ಅಡುಗೆಮನೆಯಲ್ಲಿ ಹಾಡಿಕೊಳ್ಳುವುದು ಕೇಳಿಸಿತು. ಹೇಳುವುದು ಇನ್ನೂ ಕಷ್ಟವಾಯಿತು. ಅವಳಿಗೆ ಅಷ್ಟು ಸಂತೋಷ ಕೊಡುವ ಕೆಲಸವನ್ನು ಹಿಂದೆಂದಾದರೂ ಮಾಡಿದ್ದು ಅವರಿಗೆ ನೆನಪಿರಲಿಲ್ಲ. ಓಣಿಯವರು ತಲೆಬಾಗಿ ನಮಸ್ಕರಿಸತೊಡಗಿದರು. ಮೇಷ್ಟರು ಒಂದು ಸುಳ್ಳನ್ನೂ ಹೇಳಲಿಲ್ಲ. ಊರೇ ಅದನ್ನು ಹೇಳುತ್ತಿತ್ತು.

ವ್ರತದ ಕೊನೆಯ ವಾರ ರಕ್ತ ಪರೀಕ್ಷೆಯಾಯಿತು. ಕೊಲೆಸ್ಟರಾಲ್ ಇಳಿದಿತ್ತು. ಹೀಗೇ ಮುಂದುವರಿಸಿ ಎಂದರು ಡಾಕ್ಟರು.

ಈಸ್ಟರ್ ಬೆಳಿಗ್ಗೆ ಮನೆಯ ಪಾದ್ರಿ ಅಬ್ಬಾ ಲಿಸಾನೆ ಊಟಕ್ಕೆ ಬಂದರು. ಬೆಣ್ಣೆ ತೇಲುವ ಕೋಳಿಸಾರಿನಿಂದ ಕೋಳಿ, ಮೊಟ್ಟೆ ತೆಗೆದು, ಇಂಜೆರಾ ರೊಟ್ಟಿಯ ತುಂಡಿನಲ್ಲಿ ಸುತ್ತಿ ವೊರ್ಕ್ನೆಷ್ ಗಂಡನ ಬಾಯಿಗೊಡ್ಡಿದಳು. ಕೈತುತ್ತು ಬೇಡವೆಂದರೆ ಕೊಟ್ಟವರಿಗೆ ಅವಮಾನ. ಒಂದೇ ತುತ್ತು ಜಗಳ ತರುತ್ತದೆಂದು ಎರಡನೆಯದನ್ನೂ ಕೊಟ್ಟೇ ಕೊಡುತ್ತಾರೆ. ಒಂದೆರಡು ತುತ್ತಿನಿಂದ ರಕ್ತಕ್ಕೆ ಏನೂ ಆಗದೆಂದು ಮೇಷ್ಟರಿಗೆ ಗೊತ್ತಿತ್ತು. ಆದರೆ ಪಾತ್ರೆ ದೊಡ್ಡದಿತ್ತು, ನಾಳೆಗಳೂ ಇದ್ದವು.

"ನಾನು ವ್ರತ ಮುಂದುವರಿಸೋಣ ಅಂತಿದ್ದೀನಿ."

ಅಬ್ಬಾ ನಕ್ಕರು. "ಹೊಸ ಭಕ್ತರ ಉತ್ಸಾಹ. ಇನ್ನು ಐವತ್ತು ದಿನ ಯಾರೂ ವ್ರತ ಮಾಡೋ ಹಾಗಿಲ್ಲ ಮೇಷ್ಟ್ರೆ. ಮಾಡಿದ್ರೆ ಪಾಪ."

"ಬುಧವಾರನೂ?"

"ಬುಧವಾರನೂ ಇಲ್ಲ. ತಿನ್ನಿ."

ಮೇಷ್ಟರು ಹೆಂಡತಿಯ ಮುಖ ನೋಡಲಿಲ್ಲ. "ನಂದು ವ್ರತ ಅಲ್ಲ ಅಬ್ಬಾ, ಪಥ್ಯ. ಕೊಲೆಸ್ಟರಾಲಿಗೆ."

ವೊರ್ಕ್ನೆಷಳ ಕೈ ಅಲ್ಲೇ ನಿಂತಿತು. "ಅಷ್ಟೂ ದಿನ?"

"ಅಷ್ಟೂ ದಿನ."

ಅವಳು ಆ ತುತ್ತನ್ನು ತಾನೇ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು. ಒಳಗೆ ಹೋಗಿ ನಿನ್ನೆಯ ಬೇಳೆಸಾರು ತಂದಿಟ್ಟಳು.

"ಊರೆಲ್ಲ ಹಬ್ಬ ಮಾಡುವಾಗ ಇದನ್ನ ತಿನ್ನೋಕೆ ನಿಮ್ಮಂಥ ನಾಸ್ತಿಕರೇ ಆಗಬೇಕು," ಎಂದು ಬೇಳೆಯದೊಂದು ತುತ್ತು ಮಾಡಿ ಅವರ ಬಾಯಿಗೆ ತುರುಕಿದಳು.

ಮೇಷ್ಟರು ನುಂಗಿ, ಎರಡನೆಯ ತುತ್ತಿಗೆ ಮತ್ತೆ ಬಾಯಿ ತೆರೆದು ಕಾದರು. ವೊರ್ಕ್ನೆಷ್ ಕೈ ತೊಳೆಯಲು ಎದ್ದಳು.