ಸಂಘಮಿತ್ರಾ ಅವರ ಆಫ್ರಿಕಾ

ಆಫ್ರಿಕಾಕ್ಕೆ ಹೋಗಿ ಬಂದವರು ಯಾರೇ ಸಿಗಲಿ, ಸಂಘಮಿತ್ರಾ ಅವರು ಆನೆ-ಸಿಂಹಗಳ ಸುದ್ದಿ ಕೇಳುವವರಲ್ಲ. ಬೋರ್‌ವೆಲ್ ಗಾಡಿಯ ಜೊತೆ ಅಲ್ಲಿ ದುಡಿದು ಬಂದಿದ್ದ ಕಟಕೋಳದ ಮುದಕಪ್ಪನನ್ನು ಯರಗಟ್ಟಿ ಬಸ್ ನಿಲ್ದಾಣದಲ್ಲಿ ನನ್ನೆದುರೇ ತಡೆದು, "ಅಲ್ಲಿ ಕಚೇರಿ ಮುಂದ ಮಂದಿ ನಿಂತು ಕಾಯತಾರೋ, ಕುಂತು ಕಾಯತಾರೋ?" ಎಂದು ಕೇಳಿದ್ದರು. ಅವನು ನೆನಪಿಸಿಕೊಂಡು ಹೇಳುವಷ್ಟರಲ್ಲಿ, ಪಾಪ, ಅವನ ಬಸ್ಸು ಹೋಗಿಯೇಬಿಟ್ಟಿತು.

ಸವದತ್ತಿ ಸೀಮೆಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಅವರು, ಬೇಸಿಗೆಯಲ್ಲೂ ಬಿಡದ ಬೂದುಬಣ್ಣದ ಸ್ವೆಟರು ತೊಟ್ಟು, ಯಾರೋ ಪಿಸುಗುಡುವುದನ್ನು ಆಲಿಸುವವರಂತೆ ತುಸು ಮುಂದಕ್ಕೆ ಬಾಗಿಯೇ ನಡೆಯುತ್ತಿದ್ದರು. ರಜಾದಿನಗಳಲ್ಲಿ ಬರೆಯುತ್ತಿದ್ದ ಕಾದಂಬರಿ ಆಫ್ರಿಕಾದ ಒಂದು ಕಲ್ಪಿತ ದೇಶದ್ದು. ಬಿಳಿಯರು ಬಿಟ್ಟುಹೋದ ಕುರ್ಚಿಯನ್ನೇರಿದ ಅಲ್ಲಿನ ಮಂತ್ರಿ ಇಡೀ ಸೇತುವೆಯನ್ನೇ ನುಂಗಿದ್ದಾನೆ. ಆಚೆ ದಡಕ್ಕೆ ಹೋಗಬೇಕಾದವರು ಅವನ ಮನೆಯ ಮುಂದೆ ಕಾದು, ಅವನು ಆಕಳಿಸಿದಾಗ ಬಾಯೊಳಗೆ ಹೊಕ್ಕು ದಾಟಬೇಕು. ಕೆಮ್ಮಿದರೆ ಹೊಟ್ಟೆಯೊಳಗೆ ಬಸ್ಸುಗಳು ಹಾರ್ನ್ ಹೊಡೆಯುತ್ತವೆ. ಓದಿ ನಕ್ಕು, "ಅಷ್ಟು ದೂರ ಯಾಕ ಹೋದ್ರಿ?" ಎಂದೆ.

"ನೌಕರಿ ಉಳೀಬೇಕಲ್ರಿ. ಇಲ್ಲೀದಂತ ಬರದ್ರ ನಾಳಿ ಮನ್ಯಾಗ ಕುಂಡ್ರಬೇಕು." ಆ ಮನೆ ನಡೆಯುತ್ತಿದ್ದುದು ಅವರೊಬ್ಬರ ಸಂಬಳದಿಂದಲೇ.

ಬೈಲಹೊಂಗಲದಲ್ಲಿ ನಾವು ಕೆಲವರು ಆ ಕಾದಂಬರಿಯ ಓದು ಏರ್ಪಡಿಸಿದೆವು. ಅವರ ಕಚೇರಿಯ ಸಾಹೇಬರು ಬಸಯ್ಯನವರೂ ಮುಂದಿನ ಸಾಲಿನಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆ ದೇಶದಾಗ ಭಾಳ ಲಫಂಗರ ಅದಾರ ಬಿಡ್ರಿ!"

ಆಗ ಹಿಂದಿನಿಂದ ಎದ್ದವನು ಘಾನಾದ ಕ್ವೇಕು. ಧಾರವಾಡದಲ್ಲಿ ಕೃಷಿ ಓದುತ್ತ ಅಲ್ಲಿನ ಮಾತನ್ನೂ ಕಲಿತಿದ್ದವನು.

"ಅಕ್ಕಾರ, ಮಂತ್ರಿ ಮನಿ ಮುಂದ ಕುಂತ ಮಂದಿ ಬುತ್ತಿ ಬಿಚ್ಚಿ ಖಡಕ್ ರೊಟ್ಟಿ ಮುರೀತಾರ, ಶೇಂಗಾ ಚಟ್ನಿ ಹಚ್ಚಕೋತಾರ. ಇವರು ನಮ್ಮವರಲ್ಲ. ನಿಮ್ಮ ಕಳ್ಳರನ್ನ ನಮ್ಮ ಕಡೆ ಯಾಕ ಕಳಿಸೀರಿ? ನಮ್ಮವರ ನಮಗ ಸಾಕಾಗ್ಯಾರ."

ಕಚೇರಿಯ ಕೆಲಸ ಒಂದೇ ದಿನಕ್ಕೆ ಮುಗಿಯದೆಂದು ಬುತ್ತಿ ಕಟ್ಟಿಕೊಂಡೇ ಹೊರಡುವ ಸೀಮೆ ನಮ್ಮದು. ಅಷ್ಟೆಲ್ಲ ವಿಚಾರಿಸಿದ ಸಂಘಮಿತ್ರಾ ಅವರಿಗೆ, ಕಾಯುವವರು ಅಲ್ಲಿ ಏನು ತಿನ್ನುತ್ತಾರೆಂದು ಕೇಳಬೇಕೆಂದೇ ಹೊಳೆದಿರಲಿಲ್ಲ. ಓದಿ ನಕ್ಕಿದ್ದ ನನಗೂ ತಲೆ ಎತ್ತಲಾಗಲಿಲ್ಲ.

"ಖರೇ ಐತಿ, ತಮ್ಮಾ," ಎಂದರು ಅವರು. ನೀರು ಕುಡಿದು, ಅದೇ ಅಧ್ಯಾಯವನ್ನು ಮೊದಲಿನಿಂದ ಓದತೊಡಗಿದರು. ಈಗ ಹೊಳೆ ಮಲಪ್ರಭೆಯಾಯಿತು, ಮಂತ್ರಿಯ ಮನೆ ಯರಗಟ್ಟಿ ರಸ್ತೆಗೆ ಬಂತು. ಎರಡನೆಯ ವಾಕ್ಯಕ್ಕೇ ಬಸಯ್ಯನವರ ನಗು ನಿಂತಿತು. ಮೂರನೆಯದಕ್ಕೆ ಎದ್ದು ಹೊರಟರು. ಸಂಘಮಿತ್ರಾ ಅವರು ಬಾಗಿಲತ್ತ ನೋಡಿ, ಓದಿದ ಸಾಲನ್ನೇ ಮತ್ತೊಮ್ಮೆ ಓದಿದರು, ಆದರೂ ಓದು ನಿಲ್ಲಲಿಲ್ಲ. ಮರುವಾರ ಅವರನ್ನು ಅಮಾನತು ಮಾಡಿದರು.

ಇಂಥವರನ್ನು ಧೈರ್ಯವಂತರೆಂದು ಹೊಗಳಿ ಕೈತೊಳೆದುಕೊಳ್ಳುವುದು ನಮಗೆ ಸುಲಭ. ಅವರೂ ನಮ್ಮಂತೆಯೇ ಅಂಜುತ್ತಾರೆ, ಅಂಜಿ ತಮ್ಮೂರಿನ ಪಾಪವನ್ನು ದೂರದವರ ತಲೆಗೆ ಕಟ್ಟುತ್ತಾರೆ. ಆದರೆ ಆ ದೂರದವನೇ ಎದುರಿಗೆ ಬಂದು ನಿಂತಾಗ ಅವನ ಮುಖ ನೋಡಿ ಸುಳ್ಳಾಡಲಾರರು. ಅಂಜಿಕೆ ಅವರಿಗೆ ಕೊನೆತನಕ ಇರುತ್ತದೆ. ನಾಚಿಕೆ ಮಾತ್ರ ಅದಕ್ಕಿಂತ ಒಂದು ಕೈ ಮೇಲು.