ಮೂವತ್ತಾರು ಇಂಚು

"ಇಲ್ಲೂ ಮೂವತ್ತಾರು ಇಂಚು," ಎಂದಳು ಸರ್ವೆ ಮೇಡಂ, ಮಂಡಿಯೂರಿ ಕೂತಲ್ಲಿಂದಲೇ. ಅವಳ ಸ್ಟೀಲ್ ಟೇಪಿನ ಒಂದು ತುದಿ ನೆಲಕ್ಕೆ, ಇನ್ನೊಂದು ಗೋಡೆಯ ಮೇಲಿನ ಕಂದು ಗೆರೆಗೆ ತಾಗಿತ್ತು. ಹೋದ ಮಳೆಗಾಲದಲ್ಲಿ ಕಾಲುವೆ ಉಕ್ಕಿದಾಗ ಮನೆಯೊಳಗೆ ನೀರು ಎಲ್ಲಿಯವರೆಗೆ ನಿಂತಿತ್ತು ಎಂಬುದಕ್ಕೆ ಆ ಗೆರೆಯೇ ಸಾಕ್ಷಿ.

ಟೈಲರಮ್ಮ ಹೊಲಿಗೆ ಮೆಷಿನ್ ನಿಲ್ಲಿಸಲಿಲ್ಲ. "ಇಂಚೋ ಗಿಂಚೋ, ನಂಗೇನ್ ಗೊತ್ತು ಮೇಡಂ. ನೀರು ಬಂತು, ನಿಂತ್ಕೊಳ್ತು, ಹೋಯ್ತು," ಎಂದಳು. ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡವಳು ಇಂಚು ಗೊತ್ತಿಲ್ಲ ಎನ್ನುವುದೆಂದರೆ! ಆಡಿದ ಮೇಲೆ ಅವಳಿಗೇ ನಾಚಿಕೆಯಾಯಿತು.

ಈ ಮೇಡಂ ಬೀದಿಗೆ ಬಂದು ಮೂರು ದಿನವಾಗಿತ್ತು. ಹವಾಮಾನ ಕೆಟ್ಟು ಹೀಗೆ ಮೇಲಿಂದ ಮೇಲೆ ನೆರೆ ಬಂದರೆ ಬಡವರು ಹೇಗೆ ತಡೆದುಕೊಳ್ಳುತ್ತಾರೆ, ಅದೇ ತನ್ನ ಸಂಶೋಧನೆ ಎಂದು ಮನೆ ಮನೆಗೂ ಹೇಳಿದ್ದಳು. ಮಾತು ನಯ. ಕೊಟ್ಟ ನೀರು ಕುಡಿಯುತ್ತಾಳೆ, ಕುರ್ಚಿ ಎಳೆದುಕೊಟ್ಟರೂ ನೆಲದ ಮೇಲೇ ಕೂರುತ್ತಾಳೆ. ಟೈಲರಮ್ಮನಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಎರಡು ವರ್ಷದ ಹಿಂದೆ ಬಂದವರೂ ಹೀಗೇ ನಯವಾಗಿದ್ದರು. ಮಕ್ಕಳ ಕೆನ್ನೆ ಹಿಂಡಿ, ನೀರಿನ ಎತ್ತರ ಬರೆದುಕೊಂಡು, ಹಿಂದಿನ ಬೀದಿಯ ಬಾಗಿಲುಗಳಿಗೆಲ್ಲ ನಂಬರ್ ಹಾಕಿ ಹೋದರು. ಆರು ತಿಂಗಳಿಗೆ ಆ ಬೀದಿಯೇ ಇರಲಿಲ್ಲ. ಅಪಾಯದ ಜಾಗ ಎಂದು ಅಷ್ಟೂ ಜನರನ್ನು ಎರಡು ಬಸ್ಸು ಬದಲಾಯಿಸಿ ಹೋಗುವ ದೂರಕ್ಕೆ, ಮೂರನೇ ಮಹಡಿಗೆ ಎತ್ತಿಹಾಕಿದರು. ಅಲ್ಲಿ ಯಾರು ಬಂದು ಬಟ್ಟೆ ಹೊಲಿಸುತ್ತಾರೆ? ಕಾಲು ಬಾರದ ಅತ್ತೆಯನ್ನು ಯಾರು ಹೊತ್ತು ಇಳಿಸುತ್ತಾರೆ?

ಅದಕ್ಕೇ ಈ ಸಲ ನೀರು ಇಳಿದ ವಾರದಲ್ಲೇ ಬೀದಿಯವರೆಲ್ಲ ಸೇರಿ ಮಾತಾಡಿಕೊಂಡಿದ್ದರು. ಯಾರು ಕೇಳಿದರೂ ಸೊಂಟದಷ್ಟು ನೀರು, ಮುಗೀತು; ಅದಕ್ಕಿಂತ ಮೇಲೆ ಹೇಳಿದರೆ ಎಬ್ಬಿಸಿಬಿಡುತ್ತಾರೆ. ಹಳೆಯ ಗೆರೆಗೆ ಸುಣ್ಣ ಬಳಿದು, ಟೀ ಡಿಕಾಕ್ಷನ್ನಿನಲ್ಲಿ ಹೊಸ ಗೆರೆ ಎಳೆಯುವ ಕೆಲಸ ಟೈಲರಮ್ಮನ ಪಾಲಿಗೆ ಬಂತು; ಅಳತೆಯಲ್ಲಿ ಅವಳದು ಎತ್ತಿದ ಕೈ. ಇಪ್ಪತ್ತೆರಡು ಮನೆ. ಪ್ರತಿ ಮನೆಯಲ್ಲೂ ನೆಲಕ್ಕೆ ಟೇಪು ಒತ್ತಿ ಹಿಡಿದು ಮೂವತ್ತಾರು ಇಂಚಿಗೆ ಗುರುತು ಮಾಡಿದ್ದಳು, ಒಂದು ನೂಲೂ ಆಚೀಚೆ ಇಲ್ಲದಂತೆ. ಮೇಲಿನ ತುದಿಯ ಬೇಕರಿಯವನ ಮನೆಯಲ್ಲಿ ಪಾದ ನೆನೆಯುವಷ್ಟು ನೀರು ಬಂದಿತ್ತು. ಎಲ್ಲರದೂ ಒಂದೇ ಮಾತಿರಲಿ ಎಂದು ಅವನಿಗೂ ಸೊಂಟದ ಗೆರೆಯೇ.

ಮಂಚದ ಮೇಲಿಂದ ಅತ್ತೆ ಕೆಮ್ಮಿದಳು. "ಅವಳನ್ನೇನ್ ಕೇಳ್ತೀಯಮ್ಮಾ, ನನ್ನ ಕೇಳು. ಈ ಕಟಿಂಗ್ ಮೇಜಿನ ಮೇಲೆ ಕೂರಿಸಿದ್ಲು ನನ್ನ. ಕೂತ್ರೂ ಕುತ್ತಿಗೆ..."

"ಅತ್ತೆ, ಮಾತ್ರೆ ತಗೊಂಡ್ರಾ?"

"ಬೆಳಿಗ್ಗೆ ನೀನೇ ಕೊಟ್ಯಲ್ಲೇ."

ಮೇಡಂ ಟೇಪು ಸುತ್ತಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ಟೈಲರಮ್ಮ, ಮೇಸ್ತ್ರಿಗಳು ಮಟ್ಟ ನೋಡ್ತಾರಲ್ಲ, ಆ ನೀರಿನ ಪೈಪ್ ಹಿಡ್ಕೊಂಡು ನಿನ್ನೆ ನಿಮ್ಮ ಬೀದಿ ಅಳೆದೆ. ಮೇಲಿನ ತುದಿಗಿಂತ ಕೆಳಗಿನ ತುದಿ ಐದಡಿ ತಗ್ಗಲ್ಲಿದೆ. ಮೇಲಿನ ಮನೇಲಿ ಸೊಂಟದ ತನಕ ನೀರಿದ್ರೆ ಕೆಳಗಿನ ಮನೆ ಮುಳುಗೇ ಹೋಗಿರ್ಬೇಕು. ಇಲ್ಲಿ ನೋಡಿದ್ರೆ ಎಲ್ರ ಮನೇಲೂ ಸೊಂಟಾನೇ."

ಮೆಷಿನ್ ನಿಂತಿತು. ಸ್ಕರ್ಟಿಗೆ ಸುತ್ತಲೂ ನೆಲದಿಂದ ಒಂದೇ ಅಳತೆ ಇಟ್ಟರೆ ಅಂಚು ಸಮ ಕೂರುತ್ತದೆ. ಇಪ್ಪತ್ತು ವರ್ಷ ಅದನ್ನೇ ಮಾಡಿಕೊಂಡು ಬಂದವಳು ನೀರಿಗೂ ಅದನ್ನೇ ಮಾಡಿದ್ದಳು. ಬೀದಿಯವರ ಮುಂದೆ ಅದನ್ನು ಹೇಳಿಕೊಂಡು ಬೀಗಿದ್ದೂ ಉಂಟು.

"ಈಗ ಏನ್ ಬರ್ಕೋತೀರಿ?"

"ನೀವು ಹೇಳಿದ್ದನ್ನೇ. ಆದ್ರೆ ಕಾಲುವೆ ಹತ್ರ ಸೈರನ್ ಇಡ್ತಾರೆ, ನೀರು ಎಷ್ಟು ಏರಿದಾಗ ಅದು ಕೂಗ್ಬೇಕು ಅನ್ನೋದು ಈ ಲೆಕ್ಕದ ಮೇಲೆ. ಗೆರೆ ಸೊಂಟಕ್ಕಿದ್ರೆ ಅದು ತಡವಾಗಿ ಕೂಗತ್ತೆ. ಅಷ್ಟೊತ್ತಿಗೆ ಇವ್ರ ಮಂಚ ಮುಳುಗಿರತ್ತೆ."

ಇದು ಬಾಯಿ ಬಿಡಿಸುವ ಉಪಾಯ ಎಂದಿತು ಮನಸ್ಸು. ಆದರೂ ಕಣ್ಣು ಮಂಚದ ಕಡೆ ಹೋಯಿತು. ಅವತ್ತು ಮಧ್ಯಾಹ್ನ ಊಟದ ಹೊತ್ತು, ಗಂಡ ಕೆಲಸಕ್ಕೆ ಹೋಗಿದ್ದ. ಬಾಗಿಲ ಸಂದಿಯಿಂದ ನುಗ್ಗಿದ ನೀರು ತಟ್ಟೆ ತೊಳೆಯುವಷ್ಟರಲ್ಲಿ ಮಂಚಕ್ಕೆ ಬಂದಿತ್ತು. ಅತ್ತೆಯನ್ನು ಒಬ್ಬಳೇ ಮೇಜಿಗೆ ಎತ್ತಿ, ಸಂಜೆಯವರೆಗೂ ಆ ತಲೆಯನ್ನು ನೀರಿನ ಮೇಲೆ ಹಿಡಿದು ನಿಂತಿದ್ದಳು. ಅರ್ಧ ಗಂಟೆ ಮುಂಚೆ ಯಾರಾದರೂ ಕೂಗಿ ಹೇಳಿದ್ದರೆ ಸಾಕಿತ್ತು.

"ನೀವು ಬರೆದಿದ್ದನ್ನ ಯಾರ್ಯಾರು ಓದ್ತಾರೆ?"

"ಸೈರನ್ ಇಡೋರು ಓದ್ತಾರೆ. ಆಮೇಲೆ ಅದು ಯಾರ ಕೈ ಸೇರತ್ತೋ ನಂಗೂ ಗೊತ್ತಿಲ್ಲ. ಮನೆ ನಂಬರ್ ಅಂತೂ ಬರೆಯಲ್ಲ."

"ನಮ್ಮನ್ನ ಎಬ್ಬಿಸೋಕೆ ಬೀದಿ ಹೆಸರು ಇದ್ರೆ ಸಾಕಲ್ಲ, ನಂಬರ್ ಯಾಕೆ ಬೇಕು?"

ಮೇಡಂ ಪೆನ್ನಿನ ಮುಚ್ಚಳ ಹಾಕಿದಳು. 'ಏನೂ ಆಗಲ್ಲ, ಹೆದರ್ಬೇಡಿ' ಎಂದಿದ್ದರೆ ಬಾಗಿಲು ತೋರಿಸುವುದು ಎಷ್ಟು ಸುಲಭವಿತ್ತು.

ಟೈಲರಮ್ಮ ಎದ್ದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಹತ್ತಿರ ಹೋದಳು. ಎದೆಯ ಎತ್ತರಕ್ಕೆ ಕೈ ಇಟ್ಟು ತಡೆದಳು.

"ಇನ್ನೂ ಮೇಲೆ," ಎಂದಳು ಅತ್ತೆ, ಮಲಗಿದಲ್ಲಿಂದಲೇ. "ಇನ್ನೂ ಸ್ವಲ್ಪ. ಹಾಂ, ಅಲ್ಲಿ."

ಟೈಲರಮ್ಮ ಗೆರೆ ಎಳೆದಳು. ಕೊರಳ ಟೇಪು ತೆಗೆದು ಅಳೆದಳು. "ಐವತ್ನಾಲ್ಕು. ಬೇರೆ ಮನೆಯವ್ರ ವಿಷ್ಯ ನನ್ನ ಕೇಳ್ಬೇಡಿ."

ಕೇಳುವ ಅಗತ್ಯವಿರಲಿಲ್ಲ. ಒಂದು ಮನೆಯ ನಿಜವಾದ ಗೆರೆ ಸಿಕ್ಕರೆ ಉಳಿದ ಇಪ್ಪತ್ತೊಂದನ್ನೂ ಆ ಪೈಪೇ ಹೇಳುತ್ತದೆ ಎಂದು ಈಗ ಇಬ್ಬರಿಗೂ ಗೊತ್ತಿತ್ತು. ಮೇಡಂ ಬರೆದುಕೊಂಡಳು, ಅತ್ತೆಗೆ ಬರ್ತೀನಿ ಎಂದಳು, ಹೊರಟಳು.

ಅವಳು ಬೀದಿ ತಿರುವು ದಾಟುವವರೆಗೂ ಟೈಲರಮ್ಮ ನೋಡುತ್ತ ನಿಂತಳು. ಆಮೇಲೆ ಹೊರಗೆ ಬಂದು ಬಾಗಿಲನ್ನು ಅರ್ಧ ಎಳೆದುಕೊಂಡು ಹೊರಮೈಯನ್ನು ಪರೀಕ್ಷಿಸಿದಳು. ನಂಬರ್ ಇರಲಿಲ್ಲ. ಕಣ್ಣು ನಂಬದೆ, ಅಂಗೈಯಿಂದ ಹಲಗೆಯನ್ನು ಮೇಲಿಂದ ಕೆಳಗಿನವರೆಗೂ ಸವರಿ ನೋಡಿದಳು. ಕೈ ತೆಗೆದಾಗ ಬಾಗಿಲ ಮೇಲೆ ಉದ್ದಕ್ಕೆ ಒಂದು ಬಿಳಿ ಗುರುತು ಮೂಡಿತ್ತು. ಅವಳದೇ ಕೈಯ ಸೀಮೆಸುಣ್ಣ. ಒಳಗಿಂದ ಬಟ್ಟೆಚೂರು ತಂದು ಒರೆಸಿದಳು, ಗುರುತು ಹೋದ ಮೇಲೂ ಒರೆಸುತ್ತಲೇ ಇದ್ದಳು.