ಕತ್ತಿನವರೆಗೂ ಪೆಟ್ರೋಲು

ಟೀಚರಮ್ಮನ ಕಾರಿನಲ್ಲಿ ಹಳದಿ ದೀಪ ಹೊತ್ತಿಕೊಂಡದ್ದು ಸೋಮವಾರ ಬೆಳಿಗ್ಗೆ. ಆಗ ಸ್ಟೀರಿಂಗ್ ಹಿಡಿದಿದ್ದವಳು ನಾಲ್ಕನೇ ಡ್ರೈವಿಂಗ್ ಪಾಠಕ್ಕೆ ಬಂದಿದ್ದ ಒಬ್ಬ ದರ್ಜಿ ಹೆಂಗಸು. "ಮೇಡಮ್, ನಾನೇನೂ ಮುಟ್ಟಿಲ್ಲ!" ಎಂದು ಎರಡೂ ಕೈ ಮೇಲೆತ್ತಿಬಿಟ್ಟಳು. ಕಾರು ನೆಟ್ಟಗೆ ಗೋಡೆಯ ಕಡೆ ಹೊರಟಿತು. ಟೀಚರಮ್ಮ ತನ್ನ ಕಡೆಯ ಬ್ರೇಕು ಒತ್ತಿ ನಿಲ್ಲಿಸಿ, "ಸ್ಟೀರಿಂಗ್ ಬಿಡಬೇಡಮ್ಮ, ಅದು ದೀಪ, ಹಾವಲ್ಲ" ಎಂದಳು. ಹಾಗೆ ಧೈರ್ಯ ಹೇಳಿದಳೇ ಹೊರತು ಅವಳ ಕಣ್ಣೂ ಆ ದೀಪವನ್ನು ಬಿಟ್ಟು ಕದಲಲಿಲ್ಲ. ಶುಕ್ರವಾರ ಕಾರಿನ ಹೊಗೆ ತಪಾಸಣೆ ಇತ್ತು. ಎಂಜಿನ್ ಚಿತ್ರದ ಆ ದೀಪ ಉರಿಯುತ್ತಿದ್ದರೆ ತಪಾಸಣೆಯವರು ಬೇರೇನನ್ನೂ ನೋಡದೆ ವಾಪಸ್ ಕಳಿಸುತ್ತಾರೆ. ಕಾರು ಪಾಸಾಗದಿದ್ದರೆ ಡ್ರೈವಿಂಗ್ ಶಾಲೆಯ ಪರವಾನಗಿ ಮುಂದುವರಿಯದು. ಅವಳ ಶಾಲೆಗೆ ಇದ್ದದ್ದೇ ಒಂದು ಕಾರು.

ಕಾರು ಅಪ್ಪನದು. ಅಪ್ಪ ಹೋದ ಮೇಲೆ ಕಾಗದಪತ್ರ ಅಣ್ಣನ ಹೆಸರಿಗಾಯಿತು. "ಹೆಸರಿಗೆ ಮಾತ್ರ ಕಣೆ, ಗಾಡಿ ನಿಂದೇ" ಎಂದು ಅಣ್ಣನೇ ಅಂದಿದ್ದ. ವಾರದಲ್ಲಿ ಆರು ದಿನ ಅವಳ ಪಾಠ, ಭಾನುವಾರ ಅಣ್ಣನ ಸಂಸಾರದ ತಿರುಗಾಟ. ಒಂಬತ್ತು ವರ್ಷ ಹೀಗೇ ನಡೆದಿತ್ತು. ಈ ಒಂಬತ್ತು ವರ್ಷದಲ್ಲಿ ಕಾರಿಗೆ ಎರಡನೇ ಜೋಡಿ ಪೆಡಲು ಹಾಕಿಸಿದವಳು, ಟೈರು ಬದಲಿಸಿದವಳು, ಹರಿದ ಸೀಟು ಹೊಲಿಸಿದವಳು ಅವಳು. ಅಣ್ಣನದು ಒಂದೇ ಕೆಲಸ, ಭಾನುವಾರ ಬೆಳಿಗ್ಗೆ ಟ್ಯಾಂಕು ತುಂಬಿಸುವುದು. ಆ ಒಂದನ್ನೇ ಕಂಡಕಂಡವರ ಮುಂದೆಲ್ಲ ಹೇಳಿಕೊಂಡು ಬರುತ್ತಿದ್ದ.

ದೀಪದ ಸುದ್ದಿ ಕೇಳಿದ್ದೇ ತಡ, ಅಣ್ಣ ಹಾರಿಬಿದ್ದ. "ಹೊತ್ತಿಕೊಳ್ಳದೆ ಇನ್ನೇನಾಗುತ್ತೆ? ದಿನಾ ಹತ್ತು ಜನ ಬಂದು ಕ್ಲಚ್ ಮೇಲೆ ಕುಣಿದ್ರೆ ಯಾವ ಎಂಜಿನ್ ತಡೆಯುತ್ತೆ? ಅಪ್ಪನ ಗಾಡೀನ ಹಾಳು ಮಾಡಿಬಿಟ್ಟೆ ನೀನು."

"ಏನಾಗಿದೆ ಅಂತ ನೋಡದೆ ಹೇಗೆ ಹೇಳ್ತೀಯಣ್ಣ?"

"ನೋಡೋದೇನಿದೆ? ನಮ್ಮ ಅಳಿಯಂದ್ರು ಗಾಡಿ ಬೇಕು ಅಂತ ಕೇಳ್ತಾನೇ ಇದ್ದಾರೆ. ಈ ವಾರ ಕಳೀಲಿ, ಅವರಿಗೆ ಕೊಟ್ಟುಬಿಡ್ತೀನಿ. ಅವರ ಹತ್ರ ಇದ್ರೆ ನಾಲ್ಕು ದಿನ ಬಾಳಿಕೆ ಬರುತ್ತೆ."

ಸಂಜೆಯೊಳಗೆ ಸುದ್ದಿ ಬಂಧುಬಳಗಕ್ಕೆಲ್ಲ ಮುಟ್ಟಿತ್ತು. ಎಂದೂ ಫೋನು ಮಾಡದ ದೊಡ್ಡಮ್ಮನ ಸೊಸೆ ಕೂಡ ಫೋನು ಮಾಡಿ, "ಎಂಜಿನ್ನೇ ಹೋಯ್ತಂತೆ, ಪಾಪ" ಎಂದಳು. ಆ ಪಾಪ ಯಾರಿಗೆ ಸೇರಿದ್ದು, ಎಂಜಿನ್ನಿಗೋ ತನಗೋ ಎಂದು ಟೀಚರಮ್ಮ ಕೇಳಲು ಹೋಗಲಿಲ್ಲ.

ಮಂಗಳವಾರ ಅಣ್ಣನೇ ಮುಂದೆ ನಿಂತು ದೊಡ್ಡ ಗ್ಯಾರೇಜಿಗೆ ಕರೆದೊಯ್ದ. ಕಾರು ಓಡಿಸಿಕೊಂಡು ಹೋದವಳು ಅವಳು. ದೀಪ ಯಾವಾಗ ಬಂತು, ಬಂದಾಗ ಗಾಡಿ ಜಗ್ಗಿತೇ, ವಾಸನೆ ಬಂತೇ ಎಂಬುದೆಲ್ಲ ಗೊತ್ತಿದ್ದವಳೂ ಅವಳೇ. ಗಾಜಿನ ಕೋಣೆಯಲ್ಲಿ ಕೂತಿದ್ದ ಟೈ ಕಟ್ಟಿದವನು ಮಾತಾಡಿದ್ದು ಮಾತ್ರ ಅಣ್ಣನ ಜೊತೆ. "ಕಲಿಯೋರ ಗಾಡೀನಾ ಸರ್? ಹಾಗಾದ್ರೆ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡೋ ಪಾರ್ಟು ಹೋಗಿರುತ್ತೆ. ಪೂರ್ತಿ ಬದಲಾಯಿಸಬೇಕು." ಅವನು ಕುರ್ಚಿಯಿಂದ ಎದ್ದಿರಲಿಲ್ಲ. ಬಾನೆಟ್ ತೆರೆದಿರಲಿಲ್ಲ. ಕಾರಿಗೆ ಜ್ವರವೋ ನೆಗಡಿಯೋ ಅದನ್ನೂ ನೋಡದೆ ಆಪರೇಷನ್ ಬರೆದುಕೊಟ್ಟಿದ್ದ. ಅಣ್ಣ ತಲೆಯಾಡಿಸಿ, ಕೇಳಿಸಿತೇ ಎಂಬಂತೆ ತಂಗಿಯ ಮುಖ ನೋಡಿದ. ಅವಳು ಕಾರಿನ ಕೀಲಿ ಎತ್ತಿಕೊಂಡು ಹೊರಗೆ ಬಂದಳು.

ಬುಧವಾರ ಅವಳೊಬ್ಬಳೇ ಮೆಕ್ಯಾನಿಕ್ ಮೂಗಪ್ಪನ ಹತ್ತಿರ ಹೋದಳು. ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಬಾನೆಟ್ ಎತ್ತಿ ಮೊದಲು ಮೂಸಿ ನೋಡುತ್ತಿದ್ದನಾದ್ದರಿಂದ ಎಲ್ಲರಿಗೂ ಮೂಗಪ್ಪ. ತಗಡಿನ ಶೆಡ್ಡು, ಒಂದು ಬೆಂಚು, ಒಂದು ರೇಡಿಯೊ. ಆದರೆ ಮಾತಾಡಿಸಿದ್ದು ಅವಳನ್ನೇ. "ಯಾವಾಗ ಬಂತು ದೀಪ? ಪೆಟ್ರೋಲ್ ತುಂಬಿಸಿದ ಮೇಲೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತಾ?"

"ಸೋಮವಾರ ಬೆಳಿಗ್ಗೆ ಮಾತ್ರ ಸತಾಯಿಸುತ್ತೆ" ಎಂದಳು ಟೀಚರಮ್ಮ. ಹೇಳಿದ ಮೇಲೆ ಅವಳಿಗೇ ಸೋಜಿಗವಾಯಿತು. ಪ್ರತಿ ಸೋಮವಾರವೂ ಹಾಗೇ ಆಗುತ್ತಿತ್ತು.

ಮೂಗಪ್ಪ ಸ್ಟೀರಿಂಗಿನ ಕೆಳಗೆ ಒಂದು ಪುಟ್ಟ ಯಂತ್ರ ಸಿಕ್ಕಿಸಿ ಅದರಲ್ಲಿ ಬಂದ ನಂಬರು ಓದಿದ. ಸೈಲೆನ್ಸರಿಗೆ ಏನೂ ಆಗಿಲ್ಲ, ಇದು ಪೆಟ್ರೋಲಿನ ಆವಿ ಸೋರುವ ನಂಬರು ಎಂದ. ಟ್ಯಾಂಕಿನ ಮುಚ್ಚಳ ತಿರುಗಿಸಿ ನೋಡಿದ, ಗಟ್ಟಿಯಾಗಿಯೇ ಇತ್ತು. ಎಂಜಿನ್ ಪಕ್ಕದ ಚಿಕ್ಕ ವಾಲ್ವೊಂದನ್ನು ಬಿಚ್ಚಿ ಬಾಯಿಂದ ಊದಿದ. ಮುಚ್ಚಿಕೊಂಡಿರಬೇಕಾದ ವಾಲ್ವಿನಿಂದ ಗಾಳಿ ಸಲೀಸಾಗಿ ಆಚೆ ಬಂತು. ಅಂಗೈಗೆ ತಟ್ಟಿದಾಗ ಕಪ್ಪು ಪುಡಿ ಉದುರಿತು. ಆಗ ಅವನು ಕಾರಿನಡಿಗೆ ತೂರಿ ಒಂದು ಕಪ್ಪು ಡಬ್ಬಿಯನ್ನು ಕಳಚಿ ತಂದ. ಅದನ್ನು ಬಗ್ಗಿಸಿದರೆ ಪೆಟ್ರೋಲು ತೊಟ್ಟಿಕ್ಕಿತು.

"ಇದರೊಳಗೆ ಇದ್ದಿಲು ಇರುತ್ತೆ ಮೇಡಮ್. ಟ್ಯಾಂಕಿನ ಆವಿ ಊರ ಗಾಳಿಗೆ ಸೇರದ ಹಾಗೆ ಹೀರಿಕೊಳ್ಳೋದು ಇದರ ಕೆಲಸ. ಆಮೇಲೆ ಎಂಜಿನ್ನು ಅದನ್ನ ಎಳೆದುಕೊಂಡು ಸುಡುತ್ತೆ. ಇದಕ್ಕೆ ಆವಿ ಮಾತ್ರ ಬರಬೇಕು. ಪೆಟ್ರೋಲೇ ನುಗ್ಗಿದೆ. ಇದ್ದಿಲು ನೆನೆದು ಪುಡಿಯಾಗಿ ವಾಲ್ವಿಗೆ ಸಿಕ್ಕಿಕೊಂಡಿದೆ. ಗಾಡಿಗೆ ಕತ್ತಿನವರೆಗೂ ಕುಡಿಸೋರು ಯಾರು?"

ಟೀಚರಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಯಾರೆಂದು ಕೇಳಬೇಕೇ! ಪೆಟ್ರೋಲು ವಾರಗಟ್ಟಲೆ ಸಿಗದಿದ್ದ ಕಾಲದಲ್ಲಿ ಅಪ್ಪ ಕಲಿತ ಅಭ್ಯಾಸ ಅದು. ಪಂಪಿನ ನಳಿಕೆ ಟಕ್ಕೆಂದು ನಿಂತರೂ ಅಪ್ಪ ಬಿಡುತ್ತಿರಲಿಲ್ಲ. "ಇನ್ನೊಂದು ಲೋಟ ಹಿಡಿಯುತ್ತೆ, ಅಲ್ಲಾಡಿಸ್ರೋ" ಎನ್ನುತ್ತಿದ್ದ. ಒಂದು ಕಡೆ ಅಣ್ಣ, ಇನ್ನೊಂದು ಕಡೆ ಅವಳು ನಿಂತು ಆಗಿನ ಹಳೇ ಕಾರನ್ನು ತೊಟ್ಟಿಲಿನ ಹಾಗೆ ತೂಗುತ್ತಿದ್ದರು. ಗುಳುಗುಳು ಎಂದು ಗಾಳಿ ಹೊರಟು ಇನ್ನೊಂದು ಲೋಟ ಇಳಿಯುತ್ತಿತ್ತು. ಆ ಕಾರಿನಲ್ಲಿ ಇಂಥ ಡಬ್ಬಿಯೇ ಇರಲಿಲ್ಲ. ಈ ಕಾರಿನಲ್ಲಿತ್ತು. ಅಣ್ಣ ಮಾತ್ರ ಅಪ್ಪನ ಕಾಲದಲ್ಲೇ ನಿಂತು, ಪ್ರತಿ ಭಾನುವಾರ ಹೆಂಡತಿ ಮಕ್ಕಳನ್ನು ಕೆಳಗಿಳಿಸಿ ಅಲ್ಲಾಡಿಸುತ್ತಿದ್ದ.

ಮೂಗಪ್ಪ ಡಬ್ಬಿ, ವಾಲ್ವು ಎರಡನ್ನೂ ಬದಲಿಸಿ ದೀಪ ಆರಿಸಿದ. "ಇವತ್ತು ನಾಳೆ ಪಾಠ ನಡೆಸಿ, ನಿಧಾನವಾಗೂ ಓಡಿಸಿ, ಜೋರಾಗೂ ಓಡಿಸಿ. ಗಾಡಿ ತನ್ನನ್ನ ತಾನೇ ಪರೀಕ್ಷೆ ಮಾಡಿಕೊಳ್ಳಬೇಕು. ಈಗಲೇ ಹೋದ್ರೆ ದೀಪ ಅಳಿಸಿಕೊಂಡು ಬಂದಿದ್ದೀರಿ ಅಂತ ಅವರಿಗೆ ಗೊತ್ತಾಗಿಬಿಡುತ್ತೆ" ಎಂದ. ಹಳೇ ಡಬ್ಬಿಯನ್ನು ಅವಳು ಕೇಳಿ ಪಡೆದು, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿಕೊಂಡಳು.

ಶುಕ್ರವಾರ ಕಾರು ಪಾಸಾಯಿತು. ಅವಳು ಪ್ರಮಾಣಪತ್ರ ಹಿಡಿದು ನೇರ ಅಣ್ಣನ ಬೀಗ-ಚಿಲಕದ ಅಂಗಡಿಗೆ ಹೋದಳು. ಅಣ್ಣನ ಖಾಯಂ ಗಿರಾಕಿ, ವಯಸ್ಸಾದ ಬಡಗಿಯೊಬ್ಬ, ಕೀಲುಗಳನ್ನು ಆರಿಸುತ್ತ ನಿಂತಿದ್ದ. ಅವಳು ಡಬ್ಬಿಯನ್ನು ಗಲ್ಲೆಯ ಮೇಲಿಟ್ಟು ಪ್ಲಾಸ್ಟಿಕ್ಕು ಬಿಚ್ಚಿದಳು. ಅಂಗಡಿಯೆಲ್ಲ ಪೆಟ್ರೋಲು ಘಂ ಎಂದಿತು. ಮೂಗಪ್ಪ ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು.

ಅಣ್ಣ ಡಬ್ಬಿಯನ್ನು ನೋಡಿದ. ಪ್ರಮಾಣಪತ್ರವನ್ನು ಎತ್ತಿಕೊಂಡು ಓದಿದ. ಮುಖ ಅರಳಿತು.

"ಹೋಗ್ಲಿ ಬಿಡು, ಪಾಸಾಯ್ತಲ್ಲ. ಒಳ್ಳೇದೇ ಆಯ್ತು. ಇನ್ನು ಒಂದು ವರ್ಷ ಅಳಿಯಂದ್ರಿಗೆ ತಲೆನೋವಿಲ್ಲ."

ಟೀಚರಮ್ಮ ಒಂದು ಗಳಿಗೆ ತನ್ನ ಕಿವಿಯನ್ನೇ ನಂಬಲಿಲ್ಲ. ತಾನು ಅಲೆದದ್ದು, ರಿಪೇರಿ ಮಾಡಿಸಿದ್ದು, ಎರಡು ದಿನ ಊರೆಲ್ಲ ಓಡಿಸಿ ಕಾರನ್ನು ಸಿದ್ಧ ಮಾಡಿದ್ದು, ಎಲ್ಲವೂ ಅಳಿಯನಿಗೆ ಬಳುವಳಿ ಕೊಡಲು! ಹೀಗೂ ನಾಚಿಕೆ ಬಿಟ್ಟವರಿರುತ್ತಾರೆಯೇ? ಇರುತ್ತಾರೆ. ಒಡಹುಟ್ಟಿದವರೇ ಆಗಿರುತ್ತಾರೆ.

"ನಾನು ಕೆಡಿಸಿದೆ ಅಂತ ತಾನೇ ನೀನು ಗಾಡಿ ಕಿತ್ಕೊಳ್ಳೋಕೆ ಹೊರಟಿದ್ದು?" ಎಂದಳು. "ಕೆಡಿಸಿದೋರ ಕೈಗೆ ಗಾಡಿ ಕೊಡಬಾರದು ಅನ್ನೋದು ನೀನೇ ಮಾಡಿದ ನ್ಯಾಯ. ಕೆಡಿಸಿದೋನು ನೀನು. ಈಗ ಆ ನ್ಯಾಯ ಎಲ್ಲಿಗೆ ಹೋಯ್ತು?"

"ಮಾತು ಕೊಟ್ಟಾಗಿದೆ ಕಣೆ. ಅಳಿಯನ ಮುಂದೆ ನನ್ನ ಮರ್ಯಾದೆ ಏನಾಗಬೇಕು?"

"ನಂದು ಏನಾಯ್ತು ಅಂತ ಕೇಳಿದ್ಯಾ?"

ಬಡಗಿ ಕೀಲನ್ನು ಕೆಳಗಿಟ್ಟ. "ಆಯಮ್ಮ ಹೇಳೋದು ಸರಿಯಾಗೇ ಇದೆ ಯಜಮಾನ್ರೇ" ಎಂದ. ಅಣ್ಣ ಗಿರಾಕಿಯ ಮುಖ ನೋಡಿದ, ಬೀದಿ ನೋಡಿದ, ಡಬ್ಬಿಯೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದ. ಅಷ್ಟರಲ್ಲಿ ಟೀಚರಮ್ಮ ಫೋನು ಹಚ್ಚಿ, ಸ್ಪೀಕರ್ ಒತ್ತಿ, ಅವನ ಮುಂದೆ ಹಿಡಿದಾಗಿತ್ತು.

"ಏನ್ ಡ್ರೈವಿಂಗ್ ಅತ್ತೆ, ಪಾಸಾಯ್ತಾ ಗಾಡಿ?" ಎಂದಿತು ಅಳಿಯನ ದನಿ. ಅವನ ಹೆಂಡತಿ, ಅಂದರೆ ಅಣ್ಣನ ಮಗಳು, ಟೀಚರಮ್ಮನನ್ನು ಕರೆಯುತ್ತಿದ್ದದ್ದೇ ಹಾಗೆ.

"ಪಾಸಾಯ್ತು. ನಿಮ್ಮ ಮಾವ ಮಾತಾಡ್ತಾರಂತೆ."

ಅಣ್ಣ ಗಂಟಲು ಸರಿಮಾಡಿಕೊಂಡ. "ಅದೇ... ಗಾಡಿ ವಿಷಯ. ಅದು ಇಲ್ಲೇ ಇರ್ಲಿ ಅಂತ. ಕೊಡೋಕೆ ಆಗಲ್ಲ."

"ಯಾಕ್ ಮಾವ? ಅತ್ತೆ ಕೆಡಿಸಿದ್ದು ಸರಿ ಹೋಗಲೇ ಇಲ್ವಾ?"

ಅಣ್ಣ ತಂಗಿಯ ಕಡೆ ನೋಡಿದ. ಬೇರೆ ದಿನವಾಗಿದ್ದರೆ ಅವಳೇ ಏನಾದರೂ ಹೇಳಿ ಅವನನ್ನು ಪಾರುಮಾಡುತ್ತಿದ್ದಳು. ಈ ಸಲ ಬಾಯಿ ತೆರೆಯಲಿಲ್ಲ.

"ಅವಳು ಕೆಡಿಸಿದ್ದಲ್ಲ" ಎಂದ ಅಣ್ಣ, ತೀರ ಸಣ್ಣ ದನಿಯಲ್ಲಿ. "ನಾನೇ ಕೆಡಿಸಿದ್ದು. ಪೆಟ್ರೋಲ್ ಜಾಸ್ತಿ ತುಂಬಿಸಿ."

ಅಳಿಯನ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದಂತಿತ್ತು. "ಮತ್ತೆ ಎಲ್ಲರಿಗೂ ಫೋನ್ ಮಾಡಿ ಅತ್ತೇನೇ ಹಾಳು ಮಾಡಿದ್ರು ಅಂದ್ರಲ್ಲ ಮಾವ?"

ಅಣ್ಣ ಫೋನು ತೆಗೆದುಕೋ ಎಂದು ಕಣ್ಣಿನಲ್ಲೇ ಬೇಡಿಕೊಂಡ. ಟೀಚರಮ್ಮ ಕೈ ಕದಲಿಸಲಿಲ್ಲ.

"ಅವರು ಕೇಳ್ತಿದ್ದಾರಲ್ಲಣ್ಣ," ಎಂದಳು, "ಹೇಳು."